ಪದಚರ್ಚೆ: ನಲ್‌ಗೆ ‘ಶೂನ್ಯ’ ಎನ್ನಬಹುದೇ? ‘ದೋಷಮೌಲ್ಯ’ ಎಂದರೆ ಯಾವುದು?

ಎಕ್ಸೆಲ್ ಹಾಳೆಯ ದತ್ತಾಂಶವನ್ನು ಪವರ್ ಕ್ವೆರಿಗೆ (ದತ್ತಾಂಶವನ್ನು ತಂದು ಹದಗೊಳಿಸುವ ಎಕ್ಸೆಲ್‌ನ ಸಾಧನ) ತಂದುಕೊಳ್ಳುವ ಬಗೆಯನ್ನು ಕನ್ನಡದಲ್ಲಿ ಬರೆಯುವಾಗ ಎರರ್ ವ್ಯಾಲ್ಯೂ (ಲೆಕ್ಕ ಸಾಧ್ಯವಾಗದಾಗ ಕೋಶದಲ್ಲಿ ಕಾಣುವ ಗುರುತು) ಮತ್ತು ನಲ್ (null, ಮೌಲ್ಯವೇ ಇಲ್ಲ ಎಂಬುದರ ಗುರುತು) ಎಂಬ ಎರಡು ಪದಗಳು ತೊಡಕಾಗುತ್ತವೆ. ಮೊದಲನೆಯದನ್ನು ‘ದೋಷಮೌಲ್ಯ’, ಎರಡನೆಯದನ್ನು ‘ಶೂನ್ಯ’ ಎಂದರೆ ಸಾಲದೇ ಎನಿಸಬಹುದು. ಸಾಲದು, ‘ಶೂನ್ಯ’ವಂತೂ ಲೆಕ್ಕವನ್ನೇ ಕೆಡಿಸುತ್ತದೆ.

ಒಂದು ಕಾಲಮ್‌ನಲ್ಲಿ 10, 20, #ಡಿವ್/0! (ಸೊನ್ನೆಯಿಂದ ಭಾಗಿಸಿದಾಗ ಬರುವ ಎರರ್) ಇವೆಯೆನ್ನಿ. ಕ್ವೆರಿಯಲ್ಲಿ ಮೂರನೆಯ ಕೋಶ ‘ಎರರ್’ ಎಂದು ಕಾಣುತ್ತದೆ. ‘ದೋಷವಿದ್ದಲ್ಲಿ ಶೂನ್ಯ ಹಾಕಿ’ ಎಂದು ಓದಿದವರು ಎರರ್ ಬದಲು ಬೇರೆ ಮೌಲ್ಯ ಹಾಕುವ ರೀಪ್ಲೇಸ್ ಎರರ್ಸ್ ಚೌಕದಲ್ಲಿ 0 ಎಂದೇ ಒತ್ತುತ್ತಾರೆ. ಸರಾಸರಿ 10 ಬರುತ್ತದೆ. ಅಲ್ಲಿ ನಲ್ ಎಂದು, ಇಂಗ್ಲಿಷಿನ ಸಣ್ಣಕ್ಷರಗಳಲ್ಲೇ, ಕೊಟ್ಟಿದ್ದರೆ ಆ ಕೋಶ ಎಣಿಕೆಗೇ ಸೇರದೆ ಸರಾಸರಿ 15 ಆಗುತ್ತಿತ್ತು. ಮೊತ್ತ ಎರಡೂ ಕಡೆ 30. ಹಾಗಾಗಿ ಮೊತ್ತ ನೋಡಿ ತಾಳೆ ಹಾಕುವವರಿಗೆ ತಪ್ಪು ಸಿಗುವುದೇ ಇಲ್ಲ. ಇನ್ನೊಂದು: 5 ಕೂಡಿಸು 0 ಅಂದರೆ 5, 5 ಕೂಡಿಸು ನಲ್ ಅಂದರೆ ನಲ್. ವಚನಗಳ ಶೂನ್ಯಕ್ಕೆ ಬಯಲಿನ ಅರ್ಥವಿದೆ, ನಿಜ. ಆದರೆ ಲೆಕ್ಕದ ಹಾಳೆಯ ಮುಂದೆ ಶೂನ್ಯವೆಂದರೆ ಸೊನ್ನೆಯೇ.

‘ಖಾಲಿ’ ಎನ್ನೋಣವೆಂದರೆ ಅದು ಅಕ್ಷರವೇ ಇಲ್ಲದ ಪಠ್ಯಕ್ಕೆ ಬೇಕು. ಕ್ವೆರಿಗೆ ಅದು ಬೇರೆ, ನಲ್ ಬೇರೆ. ‘ಬೆಲೆಯಿಲ್ಲದ್ದು’ ಎಂದರೆ ಕೆಲಸಕ್ಕೆ ಬಾರದ್ದು ಎಂದಾಗಿಬಿಡುತ್ತದೆ. ಹಾಳೆಯ #ನಲ್! ಇದಕ್ಕೆಲ್ಲ ಸಂಬಂಧಿಸಿದ್ದೇ ಅಲ್ಲ: ಎರಡು ವ್ಯಾಪ್ತಿಗಳ ನಡುವೆ ಬರಿಯ ಸ್ಪೇಸ್ ಬಿಟ್ಟು, ಅವೆರಡಕ್ಕೂ ಸೇರಿದ ಕೋಶ ಒಂದೂ ಇಲ್ಲದಿದ್ದರೆ ಬರುವ ಎರರ್ ಅದು.

‘ದೋಷಮೌಲ್ಯ’ದ ತೊಂದರೆ ಸಮಾಸದ್ದು. ದೋಷವುಳ್ಳ ಮೌಲ್ಯವೋ, ದೋಷವನ್ನು ತಿಳಿಸುವ ಮೌಲ್ಯವೋ? ವಯಸ್ಸಿನ ಕಾಲಮ್‌ನ 999 ಮೊದಲನೆಯದು; ಕ್ವೆರಿ ಅದನ್ನು ಮರುಮಾತಿಲ್ಲದೆ ಒಪ್ಪುತ್ತದೆ. ಹುಡುಕಿದ್ದು ಸಿಗದಾಗ ಹಾಳೆ ತೋರುವ #ಎನ್/ಎ ಎರಡನೆಯದು. ಇದಕ್ಕೆ ‘ದೋಷಸೂಚಕ’ ಒಪ್ಪುತ್ತದೆ. ಕೋಶದಲ್ಲಿ ‘ಎರರ್’ ಪದದ ಪಕ್ಕದ ಖಾಲಿ ಜಾಗವನ್ನು ಒತ್ತಿದರೆ ಕಾರಣ ಕೆಳಗೆ ಮೂಡುತ್ತದೆ (ಪದದ ಮೇಲೆಯೇ ಒತ್ತಿದರೆ ಬೇಡದ ಹಂತವೊಂದು ಸೇರಿಕೊಳ್ಳುತ್ತದೆ). ಯಾರೋ ಕೈಯಾರೆ ಬರೆದ ‘ಎನ್/ಎ’ ಮಾತ್ರ ಬರಿಯ ಪಠ್ಯ. ಕಾಲಮ್ ಅನ್ನು ಸಂಖ್ಯೆಯಾಗಿ ಬದಲಿಸಿದಾಗಷ್ಟೇ ಅದು ಎರರ್ ಆಗುತ್ತದೆ. ಆದ್ದರಿಂದ ರೀಪ್ಲೇಸ್ ಎರರ್ಸ್ ಹಂತ ಹೀಗೆ ಕಾಲಮ್‌ನ ಬಗೆ ಬದಲಿಸುವ ಚೇಂಜ್ಡ್ ಟೈಪ್ ಹಂತದ ನಂತರವೇ ಬರಬೇಕು.

ರಿಮೂವ್ ಎರರ್ಸ್ ಅನ್ನು ‘ದೋಷ ತೆಗೆ’ ಎನ್ನುವುದೂ ಅಪಾಯ. ಅದು ತೆಗೆಯುವುದು ಇಡೀ ಸಾಲನ್ನು. ‘ದೋಷವಿರುವ ಸಾಲು ತೆಗೆ’ ಎಂದೇ ಬರೆಯಬೇಕು.

ನಲ್ ಅನ್ನು ನಲ್ ಎಂದೇ ಉಳಿಸಿಕೊಳ್ಳುವುದು ಸದ್ಯಕ್ಕೆ ಲೇಸು. ಸೊನ್ನೆಯೂ ಅಲ್ಲದ, ಖಾಲಿ ಪಠ್ಯವೂ ಅಲ್ಲದ ಇದಕ್ಕೆ ‘ನಮೂದಿಲ್ಲ’ ಹೊಂದೀತೇ? ‘ನಮೂದಿಲ್ಲದ ಕೋಶ’ ಎಂದು ವಾಕ್ಯದಲ್ಲಿ ಸಲೀಸಾಗಿ ಕೂರುತ್ತದೆ. ಆದರೆ ಲೆಕ್ಕಾಚಾರದಿಂದ ಹುಟ್ಟಿದ ನಲ್‌ಗೆ, ಅಲ್ಲಿ ಯಾರೂ ನಮೂದಿಸುವುದೇ ಇಲ್ಲದಿರುವಾಗ, ಇದು ಸರಿಹೋಗುತ್ತದೆಯೇ ತಿಳಿಸಿ.