ತಲೆಗೆ ಹಾಕುವ ಹೇರ್ ಡ್ರೈಯರ್ ಟೋಪಿ: ಐದೇ ನಿಮಿಷಕ್ಕೆ ಆಫ್!

ಪ್ರಶ್ನೆ: ಡ್ರೈಯರ್ ಬಾಯಿಗೆ ಪೈಪ್ ಸಿಕ್ಕಿಸಿ ತಲೆಗೆ ಹಾಕಿಕೊಳ್ಳುವ ಟೋಪಿ ತರಿಸಿದ್ದೇನೆ. ಐದು ನಿಮಿಷಕ್ಕೆ ಡ್ರೈಯರ್ ತಾನೇ ನಿಲ್ಲುತ್ತೆ, ತಣ್ಣಗಾದ ಮೇಲೆ ಮತ್ತೆ ಓಡುತ್ತೆ. ಕೆಟ್ಟಿದೆಯಾ? ಬ್ಯಾಟರಿಯದ್ದು ತಗೊಳ್ಳಲಾ? ಕೂದಲು ಸೊಂಟದವರೆಗಿದೆ.

ಉತ್ತರ 1: ಕೆಟ್ಟಿಲ್ಲ ಅಕ್ಕ. ಗಾಳಿ ಸರಾಗವಾಗಿ ಹರಿಯದೆ ಕಾಯಿಲ್ ವಿಪರೀತ ಬಿಸಿಯಾದಾಗ ಒಳಗಿನ ಥರ್ಮಲ್ ಕಟ್‌ಔಟ್ ಕರೆಂಟ್ ಕಡಿಯುತ್ತೆ. ಬಿಸಿ ಕಡಿಮೆಯಲ್ಲಿಡಿ. ಟೋಪಿಯ ದಾರ ಬಿಗಿಯಬೇಡಿ, ಹಣೆ ಹತ್ತಿರ ಒಂದು ಬೆರಳು ತೂರುವಷ್ಟು ಸಡಿಲವಿರಲಿ. ಪೈಪ್ ಎಲ್ಲೂ ಮಡಚಿರಬಾರದು. ಮುಖ್ಯವಾಗಿ ಡ್ರೈಯರನ್ನು ಹಾಸಿಗೆ ಮೇಲೆ ಇಡಲೇಬೇಡಿ, ಹಿಂದಿನ ಜಾಲರಿ ಮುಚ್ಚಿಹೋಗುತ್ತೆ. ಪ್ಲಗ್ ಕಿತ್ತು, ಆ ಜಾಲರಿಗೆ ಬೂದು ಹತ್ತಿಯಂತೆ ಅಂಟಿರುವ ಧೂಳನ್ನು ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ ತೆಗೆಯಿರಿ.

ಉತ್ತರ 2: ಬ್ಯಾಟರಿಯದ್ದು ಬೇಡ. 20,000 ಎಂಎಎಚ್ (ಬ್ಯಾಟರಿ ಸಾಮರ್ಥ್ಯದ ಅಳತೆ) ಪವರ್‌ಬ್ಯಾಂಕ್‌ನಷ್ಟು ಬ್ಯಾಟರಿ ಇದ್ದರೂ 3.7 ವೋಲ್ಟ್ ಲೆಕ್ಕದಲ್ಲಿ 74 ವ್ಯಾಟ್-ಅವರ್, ಅಂದರೆ 74 ವ್ಯಾಟ್‌ನ ಸಾಧನ ಒಂದು ಗಂಟೆ ಓಡುವಷ್ಟು. ಡ್ರೈಯರ್ 1,000 ವ್ಯಾಟ್ ಎಳೆದರೆ ನಾಲ್ಕೂವರೆ ನಿಮಿಷವೂ ಬಾರದು.

ಉತ್ತರ 3: ಮೊದಲು ಟವೆಲ್‌ನಿಂದ ಒತ್ತಿ ಒತ್ತಿ ನೀರು ತೆಗೆಯಿರಿ, ಅರ್ಧ ಕೆಲಸ ಅಲ್ಲೇ ಮುಗಿಯುತ್ತೆ. ತುರುಬು ಕಟ್ಟಿ ಟೋಪಿ ಹಾಕಿದರೆ ಒಳಪದರ ಹಸಿಯಾಗೇ ಉಳಿಯುತ್ತೆ. ಬಿಡಿಬಿಡಿಯಾಗಿ ತುಂಬಿ, ಹತ್ತು ನಿಮಿಷಕ್ಕೊಮ್ಮೆ ಕತ್ತಿನ ಹಿಂದಿನ ಕೂದಲನ್ನು ಮೇಲಕ್ಕೆ ತನ್ನಿ.