53ನೇ ವಯಸ್ಸಿಗೆ ವಿಆರ್‌ಎಸ್ (ಸ್ವಯಂ ನಿವೃತ್ತಿ) ತಗೊಳ್ಳಬಹುದಾ?

ಪ್ರಶ್ನೆ: ಸರ್, ನಮ್ಮ ಯಜಮಾನರು ಒಂದು ಸರ್ಕಾರಿ ನಿಗಮದಲ್ಲಿ ಗುಮಾಸ್ತರು. ವಯಸ್ಸು 53, ಸೇವೆ 28 ವರ್ಷ, ನಿವೃತ್ತಿ 60ಕ್ಕೆ. ಮೂಲ ವೇತನ, ಡಿಎ ಸೇರಿ ತಿಂಗಳಿಗೆ 60,000 ರೂಪಾಯಿ. ಖರ್ಚು ಇಳಿಸಲು ‘ಗುಜರಾತ್ ಮಾದರಿ’ ವಿಆರ್‌ಎಸ್ ತರುತ್ತಾರಂತೆ. ಬಿಎಸ್‌ಎನ್‌ಎಲ್‌ನವರು ತಗೊಂಡು ಆರಾಮಾಗಿದ್ದಾರೆ, ನೀವೂ ತಗೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ಮಗಳು ಇನ್ನೂ ಪಿಯುಸಿ. ಏನು ಮಾಡೋದು?

ಉತ್ತರ: ಮೇಡಂ, ನಾನು ಸಾರ್ವಜನಿಕ ಉದ್ಯಮವೊಂದರ ಲೆಕ್ಕಪತ್ರ ವಿಭಾಗದಲ್ಲಿ ಇದ್ದವನು. ಮೊದಲು ಲೆಕ್ಕ ನೋಡೋಣ. ಈ ಮಾದರಿಯಲ್ಲಿ ಮುಗಿದ ಪ್ರತಿ ವರ್ಷಕ್ಕೆ 35 ದಿನ, ಉಳಿದ ಪ್ರತಿ ವರ್ಷಕ್ಕೆ 25 ದಿನದ ಸಂಬಳ. ಅಂದರೆ 980 ಮತ್ತು 175, ಒಟ್ಟು 1,155 ದಿನ. ದಿನಕ್ಕೆ 2,000ದಂತೆ 23.1 ಲಕ್ಷ. ಅದರಲ್ಲಿ 5 ಲಕ್ಷಕ್ಕೆ ಮಾತ್ರ ತೆರಿಗೆ ವಿನಾಯಿತಿ, ಅದೂ ಜೀವನದಲ್ಲಿ ಒಂದೇ ಸಲ. ಕೆಲಸದಲ್ಲೇ ಉಳಿದರೆ ಏಳು ವರ್ಷಕ್ಕೆ ಈಗಿನ ಸಂಬಳದಲ್ಲೇ 50.4 ಲಕ್ಷ ಬರುತ್ತದೆ.

ಬಿಎಸ್‌ಎನ್‌ಎಲ್ ಜೊತೆ ಹೋಲಿಸಬೇಡಿ. 2020ರ ಜನವರಿ 31ರಂದು ಒಂದೇ ದಿನ 78,000ಕ್ಕೂ ಹೆಚ್ಚು ಜನ ಹೊರಗೆ ಬಂದರು. ಅವರಲ್ಲಿ ಬಹುಪಾಲು ಹಳೆಯ ಟೆಲಿಕಾಂ ಇಲಾಖೆಯಿಂದ ಬಂದವರು, ಸರ್ಕಾರಿ ಪಿಂಚಣಿ ಇತ್ತು. ನಿಮ್ಮ ಯಜಮಾನರು ಪಿಎಫ್‌ನವರಾ? ಹಾಗಿದ್ದರೆ, ಹೆಚ್ಚಿನ ಪಿಂಚಣಿಗೆ ಆಯ್ಕೆ ಕೊಡದಿದ್ದಲ್ಲಿ, ಸಂಬಳ ಎಷ್ಟೇ ಇದ್ದರೂ ಪಿಂಚಣಿಗೆ 15,000 ರೂಪಾಯಿ ಮಿತಿಯ ಮೇಲೇ ಲೆಕ್ಕ. 35 ವರ್ಷ ದುಡಿದರೂ ತಿಂಗಳಿಗೆ 7,500ರ ಆಸುಪಾಸು, ಅದೂ 58ಕ್ಕೆ. ಈಗಲೇ ಬೇಕೆಂದರೆ ಹತ್ತಿರ ಹತ್ತಿರ ಐದರಲ್ಲಿ ಒಂದು ಭಾಗ ಖೋತಾ. ಮಗಳ ಓದು ಮುಂದಿರುವಾಗ ನಾನಾದರೆ ಸಹಿ ಹಾಕಲ್ಲ.

ಪ್ರಶ್ನೆ: ಅರ್ಥ ಆಯ್ತು ಸರ್. ಆದರೆ ಅರ್ಧ ಜನ ಹೋದರೆ ನಿಗಮವಾದರೂ ಉಳಿಯುತ್ತೆ ಅಲ್ವಾ?

ಉತ್ತರ: ಈ ಮಾತು ನನಗೆ ತುಂಬಾ ಸಂಕಟ ಕೊಡುತ್ತದೆ ಮೇಡಂ. ಬಿಎಸ್‌ಎನ್‌ಎಲ್‌ನಲ್ಲಿ ಆದಾಯದ ಮುಕ್ಕಾಲು ಪಾಲು ಸಂಬಳಕ್ಕೇ ಹೋಗುತ್ತಿತ್ತು, ಆ ಹೊರೆ ಇಳಿಯಿತು, ನಿಜ. ಆದರೂ 2022ರಲ್ಲಿ ಮತ್ತೆ 1.64 ಲಕ್ಷ ಕೋಟಿಯ ಪ್ಯಾಕೇಜ್ ಬೇಕಾಯಿತು. ಅದರ 4ಜಿಯನ್ನು ದೇಶಕ್ಕೆಲ್ಲ ಉದ್ಘಾಟಿಸಿದ್ದು 2025ರ ಸೆಪ್ಟೆಂಬರ್‌ನಲ್ಲಿ. ಜನ ಹೋದ ಮಾತ್ರಕ್ಕೆ ಸಂಸ್ಥೆ ಎದ್ದು ನಿಲ್ಲಲ್ಲ.

ನಮ್ಮಲ್ಲೂ ಹೀಗೇ ಆಯ್ತು. ಯಾವ ಕೆಲಸ ಬೇಕು, ಯಾವುದು ಬೇಡ ಅಂತ ಯಾರೂ ಕೂತು ನೋಡಲಿಲ್ಲ. ವಯಸ್ಸು ನೋಡಿ ಕಳಿಸಿದರು. ಹೋದವರಲ್ಲಿ ನಮ್ಮ ಸ್ಟೋರ್ ಕೀಪರ್ ಒಬ್ಬರು. ಯಾವ ಬೀರುವಿನಲ್ಲಿ ಯಾವ ಬಿಡಿಭಾಗ ಅನ್ನೋದು ಅವರ ತಲೆಯಲ್ಲೇ ಇತ್ತು. ಅವರ ಜಾಗಕ್ಕೆ ಗುತ್ತಿಗೆಯ ಹುಡುಗ ಬಂದ. ಸಂಜೆ ಸಂಜೆ ಅವರಿಗೆ ಫೋನ್ ಮಾಡಿ, “ಅಂಕಲ್, ಆ ಹಸಿರು ಬೀರುವಿನ ಕೀಲಿ ಎಲ್ಲಿ?” ಅಂತ ಕೇಳುತ್ತಿದ್ದ. ಅವರು ಪಾಪ, ಹೇಳಿಕೊಡುತ್ತಿದ್ದರು. ಹುಡುಗನಿಗೆ ಮೂರು ತಿಂಗಳಿಂದ ಸಂಬಳ ಬಂದಿರಲಿಲ್ಲ. ಬಜೆಟ್‌ನಲ್ಲಿ ‘ವೇತನ’ದ ಸಾಲು ಇಳಿದಿತ್ತು, ‘ಹೊರಗುತ್ತಿಗೆ’ಯ ಸಾಲು ಏರಿತ್ತು.

ಸುತ್ತೋಲೆ ಬಂದ ದಿನ ಯೂನಿಯನ್‌ನವರ ಕೈಲಿ ಮೂರು ವಿಷಯ ಲಿಖಿತವಾಗಿ ಕೇಳಿಸಿ: ಗ್ರಾಚ್ಯುಟಿ ಯಾವಾಗ, ವೈದ್ಯಕೀಯ ಸೌಲಭ್ಯ ಮುಂದುವರಿಯುತ್ತಾ, ಅರ್ಜಿ ಹಾಕಿದ ಮೇಲೆ ವಾಪಸ್ ಪಡೆಯಲು ಎಷ್ಟು ದಿನ. ಅಷ್ಟರೊಳಗೆ ಪಿಎಫ್ ಖಾತೆಯಲ್ಲಿ ಯಜಮಾನರ ಹೆಸರು, ಹುಟ್ಟಿದ ತಾರೀಖು ಆಧಾರ್‌ಗೆ ಸರಿಯಾಗಿ ಹೊಂದುತ್ತಾ ನೋಡಿಕೊಳ್ಳಿ.