ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ವ್ಯಾಕರಣ: ಪಿಎಚ್.ಡಿ. ವಿಷಯ ಎಷ್ಟು ಕಿರಿದಾಗಿರಬೇಕು?

ಹೊಸಹೆಜ್ಜೆ:
ಎಂ.ಎ. ಭಾಷಾವಿಜ್ಞಾನ ಮುಗಿದಿದೆ, ನೆಟ್ (ಯುಜಿಸಿಯ ಅರ್ಹತಾ ಪರೀಕ್ಷೆ) ಆಗಿದೆ, ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ಸಿಕ್ಕಿಲ್ಲ. ಎರಡನೇ ಭಾಷೆಯ ಕಲಿಕೆ ಮತ್ತು ವ್ಯಾಕರಣ ಬೋಧನೆಯ ಮೇಲೆ ಸಂಶೋಧನೆ ಮಾಡಬೇಕೆಂದಿದ್ದೇನೆ. ಸಿನಾಪ್ಸಿಸ್ ಹೀಗಿದೆ: ಒಂದೇ ಶಾಲೆಯ 9ನೇ ತರಗತಿಯಲ್ಲಿ ಎ ಸೆಕ್ಷನ್‌ಗೆ ನಿಯಮ ಹೇಳಿ ಕಲಿಸುವುದು, ಬಿ ಸೆಕ್ಷನ್‌ಗೆ ಚಟುವಟಿಕೆಗಳ ಮೂಲಕ. ಕೊನೆಗೆ ಬಿಟ್ಟ ಸ್ಥಳ ತುಂಬುವ 30 ಅಂಕದ ಪರೀಕ್ಷೆ. ಇಷ್ಟು ಸಾಕಾ? ಕೆಲಸದ ದೃಷ್ಟಿಯಿಂದ ಯಾವ ವಿಭಾಗಕ್ಕೆ ಸೇರುವುದು ಒಳ್ಳೆಯದು?

ಪ್ರತ್ಯಯ:
ಸಾಲದು. ಮೊದಲ ತೊಡಕು ಆ 30 ಅಂಕದ ಪರೀಕ್ಷೆಯೇ. ಬಿಟ್ಟ ಸ್ಥಳ ತುಂಬುವಾಗ ನಿಯಮ ನೆನಪಿಸಿಕೊಳ್ಳಲು ಸಮಯವಿರುತ್ತದೆ, ಹಾಗಾಗಿ ನಿಯಮ ಕಲಿತ ಎ ಸೆಕ್ಷನ್ ಮುಂದಿರುವುದು ಸಹಜ. ಅದರಿಂದ ಬೋಧನೆಯ ಬಗ್ಗೆ ಹೆಚ್ಚೇನೂ ತಿಳಿಯುವುದಿಲ್ಲ. 2000ರಲ್ಲಿ ನಾರಿಸ್ ಮತ್ತು ಒರ್ಟೆಗ 49 ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದಾಗ ವಿವರಿಸಿ ಕಲಿಸುವ ಕ್ರಮವೇ ಮುಂದಿತ್ತು. ಆದರೆ ಬಳಸಿದ ಪರೀಕ್ಷೆಗಳಲ್ಲಿ ಹೆಚ್ಚಿನವು ಅದಕ್ಕೇ ಅನುಕೂಲವಾಗಿದ್ದವು ಎಂದು ಅವರೇ ಎಚ್ಚರಿಸಿದ್ದಾರೆ. ನಮ್ಮ ಮನೆಯಂಗಳದ ಉದಾಹರಣೆ ಎಂದರೆ, ನಿಯಮ ಹೇಳದೆ ಚಟುವಟಿಕೆಗಳ ಮೂಲಕವೇ ಇಂಗ್ಲಿಷ್ ಕಲಿಸಿದ ಎನ್.ಎಸ್. ಪ್ರಭು ಅವರ ಬೆಂಗಳೂರು ಪ್ರಾಜೆಕ್ಟ್ (1979–84). ಬೆರೆಟ್ಟ ಮತ್ತು ಡೇವೀಸ್ ಅದರ ಮೌಲ್ಯಮಾಪನ ಮಾಡಿದಾಗ ಪ್ರತಿ ಗುಂಪೂ ತನ್ನ ಬೋಧನೆಗೆ ಹೊಂದುವ ಪರೀಕ್ಷೆಯಲ್ಲಿ ಮುಂದಿತ್ತು.

ಆದ್ದರಿಂದ ಕನಿಷ್ಠ ಮೂರು ಅಳತೆ ಇಡಿ: ವಾಕ್ಯ ಸರಿಯೋ ತಪ್ಪೋ ಎಂದು ಸಮಯದ ಮಿತಿಯಿಲ್ಲದೆ ಕೊಡುವ ತೀರ್ಪು, ಸಮಯದ ಮಿತಿಯಿರುವ ಅದೇ ಬಗೆಯ ತೀರ್ಪು, ಮತ್ತು ವಾಕ್ಯ ಕೇಳಿ ಮರಳಿ ಹೇಳಿಸುವುದು. ಮಾದರಿ ಪರೀಕ್ಷೆಗಳು ಯಾರ್ಕ್ ವಿಶ್ವವಿದ್ಯಾಲಯದ ಐರಿಸ್ ಸಂಗ್ರಹದಲ್ಲಿ ಉಚಿತವಾಗಿ ಸಿಗುತ್ತವೆ.

ಇನ್ನು ‘ವ್ಯಾಕರಣ’ ಎಂಬುದೇ ವಿಷಯವಾಗದು. ಒಂದು ಅಂಶ ಹಿಡಿಯಿರಿ. ಆರ್ಟಿಕಲ್ (ಇಂಗ್ಲಿಷಿನ ಎ, ಆನ್, ದ) ಒಳ್ಳೆಯ ಆಯ್ಕೆ, ಯಾಕೆಂದರೆ ಕನ್ನಡದ ಕಡೆಯಿಂದ ಅದಕ್ಕೊಂದು ನಿಜವಾದ ಪ್ರಶ್ನೆ ಇದೆ. ಕನ್ನಡದಲ್ಲಿ ‘ದ’ಗೆ ಸಮನಾದದ್ದಿಲ್ಲ. ಆದರೆ ‘ಪುಸ್ತಕ ಹುಡುಕುತ್ತಿದ್ದೇನೆ’ ಮತ್ತು ‘ಒಂದು ಪುಸ್ತಕವನ್ನು ಹುಡುಕುತ್ತಿದ್ದೇನೆ’ ಒಂದೇ ಅಲ್ಲ. ಎರಡನೆಯದರಲ್ಲಿ ಹೇಳುವವರ ಮನಸ್ಸಿನಲ್ಲಿ ಇಂಥದೇ ಪುಸ್ತಕ ಇದೆ, ಕೇಳುವವರಿಗೆ ಅದು ಗೊತ್ತಿಲ್ಲ. ಅಂಥ ಕಡೆ ಇಂಗ್ಲಿಷಿಗೆ ‘ಎ’ ಬೇಕು. ‘ಅನ್ನು’ ಬರುವ ಇಂಥ ಕಡೆಯಲ್ಲೇ ಮಕ್ಕಳು ‘ದ’ ಹಾಕುತ್ತಾರಾ? ರಷ್ಯನ್ ಮತ್ತು ಕೊರಿಯನ್ ಮಾತಾಡುವವರಲ್ಲಿ ಈ ಬಗೆಯ ತಪ್ಪನ್ನು ಅಯೋನಿನ್, ಕೋ, ವೆಕ್ಸ್ಲರ್ 2004ರಲ್ಲಿ ತೋರಿಸಿದ್ದಾರೆ. ನಿಮ್ಮ ಪರೀಕ್ಷೆಯಲ್ಲಿ ನಾಲ್ಕು ಬಗೆಯ ಸಂದರ್ಭ ಬರಲಿ (ಕೇಳುವವರಿಗೆ ಗೊತ್ತು/ಗೊತ್ತಿಲ್ಲ, ಇಂಥದೇ/ಯಾವುದಾದರೂ), ಪ್ರತಿಯೊಂದಕ್ಕೂ 6 ವಾಕ್ಯ, ಜತೆಗೆ ಅಷ್ಟೇ ಸಂಖ್ಯೆಯ ಬೇರೆ ವಾಕ್ಯಗಳು. ಪದಗಳು 8ನೇ ತರಗತಿ ಪಠ್ಯದೊಳಗಿನವೇ ಆಗಿರಲಿ, ಇಲ್ಲವಾದರೆ ನೀವು ಅಳೆಯುವುದು ಪದಸಂಪತ್ತನ್ನು.

ಅಂಕ ಕೊಡುವಾಗಲೂ ಜಾಗ್ರತೆ. ಆರ್ಟಿಕಲ್ ಬೇಕಾದ 40 ಕಡೆ 30ರಲ್ಲಿ ಸರಿ ಇದ್ದರೆ 75%. ಅದೇ ಮಗು ಬೇಡವಾದ 20 ಕಡೆಯೂ ‘ದ’ ತುರುಕಿದ್ದರೆ? ಆ 20ನ್ನೂ ಛೇದಕ್ಕೆ ಸೇರಿಸಿ: 30/60, ಅಂದರೆ 50%. ಪಾಠದ ಮರುದಿನ ಎಲ್ಲೆಲ್ಲೂ ‘ದ’ ಹಾಕುವ ಮಕ್ಕಳಿಗೆ ಮೊದಲ ಲೆಕ್ಕ ಸುಮ್ಮನೆ ಅಂಕ ಕೊಡುತ್ತದೆ.

ಸರಾಸರಿಗಾರ:
ಪ್ರತ್ಯಯ ಅವರು ಹೇಳಿದ್ದೆಲ್ಲ ಸರಿ, ಆದರೆ ವಿನ್ಯಾಸ ಹೀಗೇ ಇದ್ದರೆ ಎಂಥ ಪರೀಕ್ಷೆಯೂ ಉಳಿಸದು. ಎ ಸೆಕ್ಷನ್‌ಗೊಂದು ವಿಧಾನ, ಬಿ ಸೆಕ್ಷನ್‌ಗೊಂದು ವಿಧಾನ ಎಂದರೆ ವ್ಯತ್ಯಾಸ ವಿಧಾನದ್ದೋ ಸೆಕ್ಷನ್‌ದೋ ಹೇಳಲಾಗದು. ಎಷ್ಟೋ ಶಾಲೆಗಳಲ್ಲಿ ಅಂಕ ನೋಡಿಯೇ ಸೆಕ್ಷನ್ ಮಾಡಿರುತ್ತಾರೆ. ಎರಡು ಅಂಶ ತೆಗೆದುಕೊಂಡು ಅಡ್ಡಹಾಯಿಸಿ: ಎ ಸೆಕ್ಷನ್‌ಗೆ ಆರ್ಟಿಕಲ್ ನಿಯಮದ ಮೂಲಕ, ಭೂತಕಾಲ ಚಟುವಟಿಕೆಯ ಮೂಲಕ, ಬಿ ಸೆಕ್ಷನ್‌ಗೆ ತಿರುಗಾಮುರುಗಾ. ಇದನ್ನೇ ಮೂರು ನಾಲ್ಕು ಶಾಲೆಗಳಲ್ಲಿ ಮಾಡಿ.

ಸಂಖ್ಯೆಯ ಅಂದಾಜು: ಗುಂಪುಗಳ ನಡುವಿನ ವ್ಯತ್ಯಾಸ ಡಿ (ಸರಾಸರಿಗಳ ಅಂತರವನ್ನು ಅಂಕಗಳ ಹರಡಿಕೆಯಿಂದ ಭಾಗಿಸಿದ್ದು) = 0.7 ಇದ್ದರೆ ಗುಂಪಿಗೆ ಸುಮಾರು 34 ಮಕ್ಕಳು ಸಾಕು, 0.4 ಎಂದರೆ ಸುಮಾರು 100 ಬೇಕು (80% ಪವರ್, ಅಂದರೆ ನಿಜವಾದ ವ್ಯತ್ಯಾಸ ಕಣ್ಣಿಗೆ ಬೀಳುವ ಸಾಧ್ಯತೆ). ತರಗತಿ ತರಗತಿಯಾಗಿ ತೆಗೆದುಕೊಂಡರೆ ಇದು ಇನ್ನೂ ಏರುತ್ತದೆ. ಈ ಕ್ಷೇತ್ರದಲ್ಲಿ 0.4 ಚಿಕ್ಕದು, 0.7 ಮಧ್ಯಮ, 1.0 ದೊಡ್ಡದು ಎಂಬುದು ಪ್ಲಾನ್ಸ್ಕಿ–ಓಸ್ವಾಲ್ಡ್ (2014) ಕೊಟ್ಟ ಅಳತೆಗೋಲು. ಎರಡು ಸರಾಸರಿಗಳನ್ನಷ್ಟೇ ಹೋಲಿಸುವ ಟಿ-ಟೆಸ್ಟ್ ಬಿಟ್ಟು ಮಕ್ಕಳು, ವಾಕ್ಯಗಳು ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಮಿಕ್ಸೆಡ್ ಮಾಡೆಲ್ ಹಾಕಿ. ಅದಕ್ಕೆ ಆರ್ ಎಂಬ ಅಂಕಿಅಂಶ ತಂತ್ರಾಂಶದ ಎಲ್‌ಎಂಇ4 ಪ್ಯಾಕೇಜು ಉಚಿತ.

ವೇಳಾಪಟ್ಟಿಯಲ್ಲಿ ಎಡವುವವರೇ ಹೆಚ್ಚು. ಐದಾರು ವಾರ ಬಿಟ್ಟು ಮತ್ತೊಂದು ಪರೀಕ್ಷೆ ಇಲ್ಲದ ಅಧ್ಯಯನವನ್ನು ಒಳ್ಳೆಯ ಜರ್ನಲ್‌ಗಳ ವಿಮರ್ಶಕರು ಸುಲಭಕ್ಕೆ ಒಪ್ಪುವುದಿಲ್ಲ. ಪಾಠ ಜುಲೈನಲ್ಲಿ ಶುರುವಾದರೆ ಆ ಪರೀಕ್ಷೆ ದಸರಾ ರಜೆಗೆ ಮೊದಲೇ ಮುಗಿಯುತ್ತದೆ. ಆಗಸ್ಟ್ ಕೊನೆಗೆ ಶುರುಮಾಡಿದರೆ ರಜೆಗೇ ಸಿಕ್ಕಿಕೊಳ್ಳುತ್ತದೆ. 9ನೇ ತರಗತಿ ಆರಿಸಿದ್ದು ಒಳ್ಳೆಯದಾಯಿತು. ಎಸ್‌ಎಸ್‌ಎಲ್‌ಸಿ ಮಕ್ಕಳನ್ನು ಎಚ್.ಎಂ. ಬಿಟ್ಟುಕೊಡುವುದು ಕಷ್ಟ.

ಹೊಸಹೆಜ್ಜೆ:
ಧನ್ಯವಾದ ಸರ್. ಬಿಇಒ ಅನುಮತಿ ಪತ್ರ ಒಂದಿದ್ದರೆ ಸಾಕಲ್ಲವೇ?

ಕಡತವಿಲೇವಾರಿ:
ಸಾಲದು. ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಒಪ್ಪಿಗೆ, ಎಚ್.ಎಂ. ಪತ್ರ, ಪೋಷಕರ ಸಹಿ (ಒಕ್ಕಣೆ ಕನ್ನಡದಲ್ಲೇ ಇರಲಿ), ಮಗುವಿನ ಸಮ್ಮತಿ, ಧ್ವನಿಮುದ್ರಣಕ್ಕೆ ಬೇರೆ ಸಹಿ.

ವಿಭಾಗದ ಬಗ್ಗೆ: ಭಾಷಾವಿಜ್ಞಾನದ ಹೆಸರಿನ ಹುದ್ದೆ ನಮ್ಮ ಪದವಿ ಕಾಲೇಜುಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಇಂಗ್ಲಿಷ್ ಹುದ್ದೆಗೆ ಸಾಮಾನ್ಯವಾಗಿ ಎಂ.ಎ. ಇಂಗ್ಲಿಷ್ ಕೇಳುತ್ತಾರೆ, ಪಿಎಚ್.ಡಿ. ಇದ್ದಮಾತ್ರಕ್ಕೆ ಆ ಕೊರತೆ ತುಂಬದು. ಸೇರುವ ಮುನ್ನವೇ ಹಳೆಯ ಅಧಿಸೂಚನೆಗಳನ್ನು ತೆಗೆದು ಓದಿ. ಹೈದರಾಬಾದಿನ ಇಫ್ಲುನಲ್ಲಿ (ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ) ಇಂಗ್ಲಿಷ್ ಬೋಧನೆಗೇ ಮೀಸಲಾದ ವಿಭಾಗಗಳಿವೆ, ಈ ವಿಷಯಕ್ಕೆ ಗೈಡ್ ಸಿಗುವ ಸಾಧ್ಯತೆ ಅಲ್ಲಿ ಹೆಚ್ಚು.

ನಿಮ್ಮ ನೆಟ್ ಅಂಕಕ್ಕೆ ಅವಧಿಯಿದೆ, ಮರೆಯಬೇಡಿ. 2024ರ ಜೂನ್ ಸುತ್ತಿನಿಂದ ಜೆಆರ್‌ಎಫ್ ಇಲ್ಲದವರಿಗೆ ಪಿಎಚ್.ಡಿ. ಪ್ರವೇಶದಲ್ಲಿ ನೆಟ್‌ಗೆ 70%, ಸಂದರ್ಶನಕ್ಕೆ 30% ತೂಕ, ಆ ಅಂಕ ನಡೆಯುವುದು ಒಂದೇ ವರ್ಷ. 2022ರ ಯುಜಿಸಿ ನಿಯಮದಂತೆ ಪಿಎಚ್.ಡಿ.ಗೆ ಕನಿಷ್ಠ 3, ಗರಿಷ್ಠ 6 ವರ್ಷ.

ಪ್ರತ್ಯಯ:
ಮರಳಿ ಹೇಳಿಸುವ ಪರೀಕ್ಷೆಯ ಬಗ್ಗೆ ಒಂದು ಮಾತು ಬಿಟ್ಟುಹೋಗಿತ್ತು. ‘ಐ ವಾಂಟ್ ಎ ಪೆನ್’ ಥರದ ವಾಕ್ಯ ಇಡಬೇಡಿ. ವ್ಯಂಜನಕ್ಕೆ ಸ್ವರ ಅಂಟಿಸಿ ಮಾತಾಡುವ ಮಗು ‘ವಾಂಟ ಪೆನ್’ ಅಂದರೆ ಅದು ಆರ್ಟಿಕಲ್ಲೋ ಬರೀ ಅಂಟು ಸ್ವರವೋ, ರೆಕಾರ್ಡಿಂಗ್ ಹತ್ತು ಸಲ ಕೇಳಿದರೂ ಬಗೆಹರಿಯದು. ‘ಸಾ ಎ’, ‘ಬೈ ಎ’ ಥರ ಹಿಂದಿನ ಪದ ಸ್ವರದಲ್ಲಿ ಮುಗಿಯಲಿ. ವಾಕ್ಯ ತೀರಾ ಗಿಡ್ಡವಿದ್ದರೆ ಗಿಳಿಪಾಠ ಒಪ್ಪಿಸುತ್ತಾರೆ, ಆದ್ದರಿಂದ ಮೊದಲು ವಾಕ್ಯದ ಅರ್ಥ ನಿಜವೋ ಸುಳ್ಳೋ ಎಂದು ಗುರುತು ಹಾಕಿಸಿ, ಆಮೇಲೆ ಹೇಳಿಸಿ. 20% ರೆಕಾರ್ಡಿಂಗ್‌ಗಳಿಗೆ ಇನ್ನೊಬ್ಬರಿಂದಲೂ ಅಂಕ ಹಾಕಿಸಿ, ಯಾವ ಮಗು ಯಾವ ಗುಂಪಿನದೆಂದು ಅವರಿಗೆ ಹೇಳಬೇಡಿ.